ಅಡುಗೆ ಭಟ್ಟರ ಆದಾಯ ತೆರಿಗೆ

ತೆರಿಗೆ ಸಲಹೆಗಾರನ ಬಾಗಿಲು ದಾಟಿ ಒಳಗೆ ಬಂದ ಕೂಡಲೇ ಜನ ಬಡವರಾಗುತ್ತಾರೆ. ಹೊರಗೆ ಹೋಗಿ ಸ್ಕೂಟರ್ ಹತ್ತಿದ ಮೇಲೆ ಸುಧಾರಿಸಿಕೊಳ್ಳುತ್ತಾರೆ. ಕುವೆಂಪುನಗರದಲ್ಲಿ ನನ್ನ ಮನೆಯ ಮುಂದಿನ ಕೋಣೆಯೇ ಆಫೀಸು. ಇದನ್ನು ವರ್ಷ ವರ್ಷವೂ ನೋಡಿದ್ದೇನೆ. ಎಲ್ಲರದ್ದೂ ಬರೆಯುವ ತಾಳ್ಮೆ ನನಗಿಲ್ಲ. ಒಬ್ಬರದ್ದು ಸಾಕು.

ಅವರು ಜಯಲಕ್ಷ್ಮಿಪುರಂನ ಅಡುಗೆ ಭಟ್ಟರು. ಮದುವೆ, ಮುಂಜಿಗಳ ಅಡುಗೆ ಗುತ್ತಿಗೆ. ಪಾತ್ರೆ ಸಾಗಿಸಲು ಸ್ವಂತ ವ್ಯಾನು ಕೊಳ್ಳಬೇಕೆಂದು ದುಡ್ಡು ಕೂಡಿಡುತ್ತಿದ್ದರು. ತೆರಿಗೆ ಕಟ್ಟಿದರೆ ವ್ಯಾನು ಬರುವುದಿಲ್ಲ ಎಂಬ ಭಯ.

ಫೋನು

ತೊಂಬತ್ತರ ದಶಕದಲ್ಲಿ ಮನೆಯಲ್ಲಿ ಫೋನಿದ್ದವರೂ ರಿಟರ್ನ್ ಸಲ್ಲಿಸಬೇಕೆಂಬ ನಿಯಮ ಬಂದಿತ್ತು. ಭಟ್ಟರು ಓಡಿ ಬಂದರು.

"ನಮ್ಮನೇಲಿ ಫೋನೇ ಇಲ್ಲ ಕಣ್ರೀ."

"ಬೆಳಿಗ್ಗೆ ನೀವೇ ಫೋನ್ ಮಾಡಿದ್ರಲ್ಲ."

"ಅದು ಮಾತಾಡೋಕಲ್ಲ ಸಾರ್. ಆರ್ಡರ್ ತಗೊಳ್ಳೋಕೆ ಮಾತ್ರ."

ಖರ್ಚು

ಬಂದದ್ದಕ್ಕೆಲ್ಲ ತೆರಿಗೆ ಇಲ್ಲ, ವ್ಯಾಪಾರದ ಖರ್ಚು ಕಳೆದು ಉಳಿದದ್ದಕ್ಕೆ ಮಾತ್ರ ಎಂದು ತಿಳಿಸಿದೆ. ಅವರಿಗೆ ಬಹಳ ಸಂತೋಷವಾಯಿತು. ಮರುದಿನವೇ ಮಗಳ ಮದುವೆಯ ಖರ್ಚು ತಂದರು.

"ಇದು ವ್ಯಾಪಾರದ್ದು ಹೇಗಾಗುತ್ತೆ?"

"ಊಟ ಮಾಡಿದೋರು ಎಷ್ಟೋ ಜನ ಆಮೇಲೆ ಆರ್ಡರ್ ಕೊಟ್ರು. ಜಾಹೀರಾತು ಅಂತ ಬರ್ಕೊಳ್ಳಿ."

"ಹಾಗಾದರೆ ಬಂದ ಮುಯ್ಯಿ ಆದಾಯ."

"ಛೆ, ಮುಯ್ಯಿಗೆಲ್ಲಿ ವ್ಯಾಪಾರ ತರ್ತೀರಿ? ಅದು ಸಂಬಂಧ."

ಆಷಾಢ

"ಆಷಾಢದಲ್ಲಿ ಮದುವೆ ಇಲ್ಲ. ಆ ತಿಂಗಳಿಗೆ ತೆರಿಗೆ ಬಿಡ್ತಾರಲ್ವಾ?"

"ಇಲ್ಲ. ವರ್ಷದ ಲೆಕ್ಕ."

"ಧನುರ್ಮಾಸ? ಪಿತೃಪಕ್ಷ?"

"ಎಲ್ಲ ಸೇರಿ."

ಅವರು ಎದ್ದು ನಿಂತು, "ಆಚಾರ ಇಲ್ಲದ ಇಲಾಖೆ" ಎಂದರು.

ತನಿಖೆ

ಒಂದು ವರ್ಷ ಭಟ್ಟರು ಬೆರಳೆಣಿಕೆಯ ಆರ್ಡರ್ ಬರೆಸಿದರು. "ನಿಜವಾ?" ಎಂದೆ. "ಕಾಲ ಕೆಟ್ಟಿದೆ ಸಾರ್" ಎಂದರು. ವಿಚಾರಿಸಲು ಅಧಿಕಾರಿ ಅವರ ಮನೆಗೇ ಬಂದರು. ಸುಳ್ಳೆಂದು ತಿಳಿದರೆ ದಂಡ. ದಂಡ ಬಿದ್ದರೆ ವ್ಯಾನಿನ ದುಡ್ಡು ಹೋಗುತ್ತದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ಕಾಫಿ ಸಾಕು ಎಂದು ಮೊದಲೇ ಹೇಳಿದ್ದೆ.

ಹೋಗಿ ನೋಡಿದರೆ ಎಲೆ ಹಾಕಿದ್ದರು. ಅಧಿಕಾರಿ ಬೇಡವೆಂದರು.

"ಹಾಕಿದ ಎಲೆ ಬಿಟ್ಟು ಏಳಬಾರದು ಸ್ವಾಮಿ."

ಕೋಸಂಬರಿ, ಎರಡು ಪಲ್ಯ, ಬಿಸಿಬೇಳೆ ಬಾತು, ಕಾಯಿ ಹೋಳಿಗೆ. ಅಧಿಕಾರಿ ಒಂದನ್ನೂ ಬಿಡದೆ ತಿಂದರು. ಆಮೇಲೆ ಹೇಳಿದರು.

"ಇಷ್ಟು ಚೆನ್ನಾಗಿ ಮಾಡ್ತೀರಿ. ಆದರೂ ಕರೆಯೋರಿಲ್ಲ. ಇವತ್ತು ಹೇಗೋ ಹದ ಕೂಡಿಬಂದಿರಬೇಕು."

ಭಟ್ಟರ ಕೈಯಲ್ಲಿ ತುಪ್ಪದ ಮಿಳ್ಳೆ ನಿಂತಿತು. ನಾನು ಕೆಮ್ಮಿದೆ. ಭಟ್ಟರು ತಡೆದುಕೊಂಡರು. ಅಧಿಕಾರಿ ಮುಂದುವರಿಸಿದರು.

"ಮಾರ್ಗಶಿರದಲ್ಲಿ ನನ್ನ ಮಗಳ ಮದುವೆ. ನೀವು ಹೇಗೂ ಖಾಲಿ. ಬಂದುಬಿಡಿ."

"ಖಾಲೀನಾ? ಮುಂದಿನ ವೈಶಾಖದವರೆಗೂ ಒಂದು ಮುಹೂರ್ತ ಬಿಟ್ಟಿಲ್ಲ ಸ್ವಾಮಿ. ಹೋದ ವರ್ಷವೂ ಹಿಂಗೇ. ಬಂದೋರನ್ನ ವಾಪಸ್ ಕಳಿಸ್ಬುಟ್ಟೆ."

ಅಧಿಕಾರಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಕೈ ತೊಳೆದು ಬಂದು, ನಾಳೆ ಇಬ್ಬರೂ ಆಫೀಸಿಗೆ ಬನ್ನಿ ಎಂದರು. ಚಪ್ಪಲಿ ಮೆಟ್ಟುತ್ತಾ, ತಮಗೆ ಇರುವುದು ಇಬ್ಬರು ಗಂಡುಮಕ್ಕಳು ಎಂದೂ ತಿಳಿಸಿದರು.

ದಂಡ ಬಿತ್ತು. ಆ ವರ್ಷ ವ್ಯಾನು ಬರಲಿಲ್ಲ.

ದಂಡ ಕಟ್ಟಿ ಬರುವಾಗ ಭಟ್ಟರು ನನ್ನ ಸ್ಕೂಟರಿನ ಹಿಂದೆ ಕೂತಿದ್ದರು. ನನ್ನ ಭುಜ ತಟ್ಟಿ ಹೇಳಿದರು.

"ಆ ಅಧಿಕಾರಿ, ಮಗಳಿಲ್ಲ ಅಂತ ಮೊದಲೇ ಹೇಳಬಾರದಿತ್ತಾ ಸಾರ್? ಆ ಮದುವೆ ಆರ್ಡರ್ ಧೈರ್ಯವಾಗಿ ಒಪ್ಕೋತಿದ್ದೆ."