ಬಿಡು ಎಂದದ್ದಕ್ಕೆ ಬಿಟ್ಟೇ ಬಿಟ್ಟಳು

ಐವತ್ತನಾಲ್ಕು ವರ್ಷದ ಹೆಂಗಸು ಯಾವುದಕ್ಕೆಲ್ಲ ಸಿಟ್ಟು ಮಾಡಿಕೊಳ್ಳಬಹುದು ಎನ್ನುವುದಕ್ಕೆ ಮುಂಬಯಿಯ ಸಯನ್‌ನ ನಮ್ಮ ಬಿಲ್ಡಿಂಗಿನಲ್ಲಿ ಒಂದು ಬಾಯಿಮಾತಿನ ಕಾನೂನು ಉಂಟು. ನೀರು ಬಾರದಿದ್ದರೆ ಮಾಡಿಕೊಳ್ಳಬಹುದು. ಲಿಫ್ಟ್ ಕೆಟ್ಟರೆ ಮಾಡಿಕೊಳ್ಳಬಹುದು. ಮೇಲಿನ ಮನೆಯವರು ನಮ್ಮ ಒಣಗಿದ ಸೀರೆಯ ಮೇಲೆ ಒದ್ದೆ ಚಾದರ ನೇತುಹಾಕಿದರಂತೂ ಸೆಕ್ರೆಟರಿ ತನಕ ಹೋಗಬಹುದು, ನಾಲ್ಕು ಜನ ಬೆಂಬಲಕ್ಕೂ ಬರುತ್ತಾರೆ. ಆದರೆ ಮೊಬೈಲಿನ ಆಟದಲ್ಲಿ ಒಂದು ಬಾವಲಿಯನ್ನು ಪಟ್ಟಿಯಿಂದ ತೆಗೆದುಹಾಕಿದರೆಂದು ಮೈ ಉರಿದುಕೊಂಡರೆ ಒಬ್ಬರೂ ಬರುವುದಿಲ್ಲ. "ಏನಾಯ್ತು, ಮುಖ ಯಾಕೆ ಹೀಗೆ?" ಎಂದು ಲಿಫ್ಟಿನಲ್ಲಿ ಕೇಳಿದ ಒಬ್ಬರಿಗೆ ನಿಜವಾದ ಕಾರಣ ಹೇಳಿದೆ. ಪುಣ್ಯಾತ್ಮರು ತಮ್ಮ ಮನೆಗಿಂತ ಎರಡು ಮಹಡಿ ಮೊದಲೇ ಇಳಿದು ಮೆಟ್ಟಿಲು ಹತ್ತಿಕೊಂಡು ಹೋದರು. ಅದಕ್ಕೇ ಈಗ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ.

ನನಗೆ ಈ ಆಟ ಹಚ್ಚಿದವಳು ಮಗಳು ಧನ್ಯಾ. ಪವಾಯಿಯ ಒಂದು ದವಾಖಾನೆಯಲ್ಲಿ ಹಲ್ಲಿನ ಡಾಕ್ಟರು. ದಿನಾ ಹೋಗಿಬಂದರೆ ಸೊಂಟ ಮುರಿಯುತ್ತದೆಂದು ಅಲ್ಲೇ ಗೆಳತಿಯರ ಜತೆ ಮನೆ ಮಾಡಿದ್ದಾಳೆ. ಭಾನುವಾರ ಮಾತ್ರ ಬರುತ್ತಾಳೆ. ಮೊದಲೆಲ್ಲ ಬಂದು, ಉಂಡು, ಮಲಗಿ, ಎದ್ದು ಹೋಗುತ್ತಿದ್ದಳು. ನನಗೂ ಅವಳಿಗೂ ಮಾತೆಂದರೆ "ಅನ್ನ ಹಾಕಲಾ?", "ಸಾಕು" ಇಷ್ಟೇ. ಮೂರು ವರ್ಷದ ಹಿಂದೆ ಒಂದು ಭಾನುವಾರ, ಅವಳ ಫೋನಿನಲ್ಲಿ ಬೆನ್ನ ಮೇಲೆ ಗುಡ್ಡ ಹೊತ್ತ ಒಂದು ಆಮೆ ಕಂಡು, "ಇದೆಂತದು ಪಾಪ, ಇಷ್ಟು ಭಾರ ಹೊತ್ತಿದೆ?" ಎಂದು ಕೇಳಿದೆ ನೋಡಿ, ಅಲ್ಲಿಂದ ಶುರು. ಆ ಆಟದಲ್ಲಿ ಇಂಥ ಪ್ರಾಣಿಗಳು ನೂರಾರು. ಮಾನ್‌ಸ್ಟರ್ ಎಂದು ಹೆಸರು, ನೋಡಿದರೆ ಮುದ್ದು ಬರುತ್ತದೆ. ಹಿಡಿದು, ಸಾಕಿ, ಪಳಗಿಸಿ ಬೇರೆಯವರ ಪ್ರಾಣಿಗಳ ಜತೆ ಕಾದಾಡಿಸಬೇಕು. ಇಬ್ಬರಿಗೆ ಇಬ್ಬರು ಎದುರು, ಒಬ್ಬೊಬ್ಬರದು ಮೂರು ಪ್ರಾಣಿ. ನಾನೂ ಧನ್ಯಾಳೂ ಒಂದು ಜೋಡಿ. ನಾನು ಆ ಆಮೆಯನ್ನೇ ಹಿಡಿದೆ. ಅದರ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹೊರಳದೆ ಗುಡ್ಡಪ್ಪ ಎಂದು ನಾಮಕರಣ ಮಾಡಿದೆ. ಅಂಧೇರಿಯ ಆಫೀಸಿಗೆ ಹೋಗುವಾಗ, ಬರುವಾಗ, ಮೆಟ್ರೋದಲ್ಲಿ, ಲೋಕಲ್ಲಿನಲ್ಲಿ ಅವನನ್ನು ಬೆಳೆಸಿದೆ. ಹೆತ್ತ ಮಗಳಿಗೆ ಅಷ್ಟು ಹೊತ್ತು ಕೊಟ್ಟಿದ್ದೆನೋ ಇಲ್ಲವೋ.

ಗುಡ್ಡಪ್ಪನ ತೊಂದರೆ ಒಂದೇ, ನಿಧಾನ. ಆ ಆಟದಲ್ಲಿ ಚುರುಕಿನವರಿಗೆ ಮೊದಲ ಏಟು. ಇವನು ಕಾಲು ಎತ್ತುವಷ್ಟರಲ್ಲಿ ಎದುರಿನವರು ಎರಡು ಏಟು ಕೊಟ್ಟು ಕೈ ತೊಳೆದಾಗಿರುತ್ತದೆ. ಇದಕ್ಕೆ ಮದ್ದೇ ಬಾವಲಿ. ಧನ್ಯಾಳ ಬಾವಲಿ ತಲೆಕೆಳಗಾಗಿ ನೇತುಬಿದ್ದು ಒಂದು ಮಂತ್ರ ಹಾಕಿತೆಂದರೆ ಸ್ವಲ್ಪ ಹೊತ್ತು ಎಲ್ಲವೂ ಉಲ್ಟಾ: ಅತಿ ನಿಧಾನದವನಿಗೆ ಮೊದಲ ಸರದಿ! ಅಯ್ಯೋ, ಆ ಸುಖವನ್ನು ಏನೆಂದು ಹೇಳಲಿ? ಈ ಮುಂಬಯಿಯಲ್ಲಿ ನಿಧಾನದವರನ್ನು ಕೇಳುವವರು ಯಾರು? ಮೊಣಕಾಲು ನೋವಿನವಳು ನಾನು ಲೋಕಲ್ ಹತ್ತಲು ಕಾಲೆತ್ತುವಷ್ಟರಲ್ಲಿ ಹಿಂದಿನವರು ನನ್ನನ್ನು ಒಳಗೆ ನೂಕಿ, ಸೀಟೂ ಹಿಡಿದು, ಕಡಲೆಯನ್ನೂ ತಿನ್ನುತ್ತಿರುತ್ತಾರೆ. ನಮ್ಮ ಸಯನ್‌ನಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದೇ ಇಲ್ಲ. ಇಂಥ ಊರಿನಲ್ಲಿ ನಿಧಾನದವರಿಗೆ ಮೊದಲ ಮಣೆ ಹಾಕಿದ ಒಬ್ಬನೇ ಒಬ್ಬ ಧರ್ಮಾತ್ಮ ಎಂದರೆ ಆ ಬಾವಲಿ.

ಅದನ್ನು ತೆಗೆದರು ಸ್ವಾಮಿ! ಮೂರು ತಿಂಗಳಿಗೊಮ್ಮೆ ಆಟದ ಕಂಪನಿಯವರು ಯಾರೆಲ್ಲ ಆಡಬಹುದು ಎಂದು ಹೊಸ ಪಟ್ಟಿ ಹಾಕುತ್ತಾರೆ. ಈ ಸಲದ ಪಟ್ಟಿಯಲ್ಲಿ ಬಾವಲಿ ಇಲ್ಲ. ಏನು ತಪ್ಪು ಮಾಡಿತ್ತು? ಯಾರ ಮನೆಯ ಪೇರಳೆ ತಿಂದಿತ್ತು? ಕೇಳುವ ಹಾಗಿಲ್ಲ. ಧನ್ಯಾ ಸಮಾಧಾನವಾಗಿ ವಿವರಿಸಿದಳು. ಬಾವಲಿ ಇಲ್ಲದಿದ್ದರೆ ನಿಧಾನದ ಭಾರೀ ಪ್ರಾಣಿಗಳನ್ನು ಯಾರೂ ತರುವುದಿಲ್ಲ. ಅವುಗಳನ್ನು ಅಡ್ಡಹಾಕಲೆಂದೇ ಎಲ್ಲರೂ ಇಟ್ಟುಕೊಂಡಿದ್ದ ಕೆಸರುಮೊಸಳೆಗೆ ಕೆಲಸ ಇಲ್ಲ. ಮೊಸಳೆ ಹೋದ ಮೇಲೆ ಅದಕ್ಕೆ ಹೆದರಿ ಮೂಲೆ ಸೇರಿದ್ದ ಮಿಂಚುಳ್ಳಿ ಹಕ್ಕಿ ಹೊರಗೆ ಬರುತ್ತದೆ. ಮಿಂಚುಳ್ಳಿ ಬಂತೆಂದರೆ ಅದನ್ನು ತಡೆಯಲು ಎಲ್ಲರೂ ಮುಳ್ಳುಹಂದಿ ತರುತ್ತಾರೆ. "ಏಕ್ ಹೋದ್ರೆ ಸಬ್ ಬದಲಾಗ್ತದೆ ಅಮ್ಮಾ. ನಾವೂ ಚೇಂಜ್ ಆಗ್ಬೇಕು" ಎಂದಳು. ನಾನು ಯಾಕೆ ಚೇಂಜ್ ಆಗಬೇಕು? ತಪ್ಪು ಮಾಡಿದ್ದು ಅವರು!

ಸಿಟ್ಟು ತಡೆಯದೆ ಮನೆಯವರಿಗೆ ಹೇಳಿದೆ. ಇವರದು ಸ್ಟೇಷನ್ ಹತ್ತಿರ ಒಂದು ಸಣ್ಣ ಉಡುಪಿ ಹೋಟೆಲು. ಪೇಪರಿನಿಂದ ತಲೆ ಎತ್ತದೆ ಕೇಳಿಸಿಕೊಂಡು, "ಇದರಲ್ಲಿ ಅಳ್ಲಿಕ್ಕೆ ಎಂತ ಉಂಟು ಮಾರಾಯ್ತಿ? ನಮ್ಮ ದೋಸೆ ಭಟ್ರು ಊರಿಗೆ ಹೋದ್ರೆ ನಾನು ಬೋರ್ಡಿನಲ್ಲಿ ದೋಸೆ ಅಳಿಸಿ ಇಡ್ಲಿಯನ್ನು ಮೇಲೆ ಬರೀತೇನೆ. ಇಡ್ಲಿ ಹೆಚ್ಚು ಹೋದ್ರೆ ಸಾಂಬಾರು ಹೆಚ್ಚು ಬೇಕು. ಸಾಂಬಾರು ಹೆಚ್ಚಾದ್ರೆ ತೊಳೆಯುವ ಬಟ್ಟಲು ಹೆಚ್ಚು. ಒಬ್ಬ ಊರಿಗೆ ಹೋದ್ರೆ ಇಡೀ ಅಡುಗೆಮನೆಯೇ ಬೇರೆ. ನಾನೇನು ರಸ್ತೆಯಲ್ಲಿ ನಿಂತು ಬೊಬ್ಬೆ ಹೊಡೀತೇನಾ?" ಎಂದರು.

"ನಿಮ್ಮ ಭಟ್ರು ಹೋಗುವಾಗ ಒಂದು ಮಾತು ಹೇಳಿಯಾದ್ರೂ ಹೋಗ್ತಾರೆ!"

"ಎಲ್ಲಿ ಹೇಳ್ತಾರೆ?" ಎಂದು ಇವರು ದೊಡ್ಡ ನಿಟ್ಟುಸಿರು ಬಿಟ್ಟರು. ನನ್ನ ದುಃಖ ಅಲ್ಲಿಗೆ ಮುಗಿದು ಅವರದು ಶುರುವಾಯಿತು. ಒಂದು ಗಂಟೆ ಭಟ್ಟರ ಪುರಾಣ ಕೇಳಬೇಕಾಯಿತು.

ನಾನಂತೂ ಹಟ ಬಿಡಲಿಲ್ಲ. ಬಾವಲಿ ಇಲ್ಲದಿದ್ದರೆ ಏನಂತೆ, ಗುಡ್ಡಪ್ಪನನ್ನು ಹಾಗೆಯೇ ಇಳಿಸಿದೆ. ಅಭ್ಯಾಸದ ಪಂದ್ಯಗಳಲ್ಲಿ ಮಿಂಚುಳ್ಳಿಗಳು ಬಂದು ಅವನನ್ನು ಕುಕ್ಕಿ ಕುಕ್ಕಿ ಹಾಕಿದವು. ಧನ್ಯಾ ಮೂರನೆಯ ಭಾನುವಾರ ಫೋನು ಕೆಳಗಿಟ್ಟಳು. ನಮ್ಮ ಸೊಸೈಟಿಯ ಹಾಲ್‌ನಲ್ಲಿ ಅಕ್ಕಪಕ್ಕದ ಬಿಲ್ಡಿಂಗಿನವರೆಲ್ಲ ಸೇರಿ ಪ್ರತಿ ಸೀಸನ್ನಿಗೂ ಜೋಡಿ ಪಂದ್ಯ ನಡೆಸುತ್ತಾರೆ. ಹೋದ ಸಲ ನಾವು ಮೊದಲ ಸುತ್ತಿನಲ್ಲೇ ಮನೆಗೆ ಬಂದಿದ್ದೆವು. "ಅಮ್ಮಾ, ಈ ಸಲಾನೂ ಫಸ್ಟ್ ರೌಂಡಲ್ಲಿ ಹೋದ್ರೆ, ನೆಕ್ಸ್ಟ್ ಟೈಮ್ ನಾನು ರುಕ್ಸಾನಾ ಜತೆ ಆಡ್ತೀನಿ. ಬೇಜಾರ್ ಮಾಡ್ಬೇಡ" ಎಂದಳು. ರುಕ್ಸಾನಾ ಅವಳ ದವಾಖಾನೆಯ ಇನ್ನೊಬ್ಬ ಡಾಕ್ಟರು, ವಿಜಾಪುರದ ಕಡೆಯವಳು. ಒಳ್ಳೆಯ ಹುಡುಗಿಯೇ. ಆದರೆ ಅವಳಿರುವುದು ಪವಾಯಿಯಲ್ಲಿ. ಮಗಳು ಅವಳ ಜತೆ ಆಡಿದರೆ ಭಾನುವಾರ ಸಯನ್‌ಗೆ ಯಾಕೆ ಬರುತ್ತಾಳೆ? ಮತ್ತೆ ಅದೇ "ಅನ್ನ ಹಾಕಲಾ?", "ಸಾಕು." ಅದೂ ಫೋನಿನಲ್ಲಿ. ಬೇಜಾರು ಮಾಡಬೇಡ ಅಂತೆ! "ಆಯ್ತು, ಚುರುಕಿನ ಟೀಮೇ ಮಾಡು" ಎಂದೆ.

ಟೀಮಿನ ಪ್ರಾಣಿಗಳ ಹೆಸರು ಕೊಡಲು ಶುಕ್ರವಾರ ಸಂಜೆ ಕೊನೆಯ ಗಳಿಗೆ. ನಾನಿದ್ದದ್ದು ಅಂಧೇರಿಯಿಂದ ಹೊರಟ ಮೆಟ್ರೋದಲ್ಲಿ, ಆಟ ತೆರೆಯುವಷ್ಟು ನೆಟ್‌ವರ್ಕ್ ಇಲ್ಲ. ನನ್ನ ಪಾಸ್‌ವರ್ಡ್ ಧನ್ಯಾಳಿಗೆ ಗೊತ್ತು, ಅವಳೇ ದವಾಖಾನೆಯಿಂದ ನನ್ನ ಖಾತೆ ತೆರೆದು ಫೋನು ಮಾಡಿದಳು. "ಜಲ್ದಿ ಹೇಳಮ್ಮಾ, ಪೇಶಂಟ್ ಬಾಯಿ ತೆಗ್ದು ಕೂತಿದ್ದಾರೆ. ಮಿಂಚುಳ್ಳಿ ಹಾಕ್ದೆ, ಮುಳ್ಳುಹಂದಿ ಹಾಕ್ದೆ, ಗುಡ್ಡಪ್ಪನ್ನ ಕ್ಯಾ ಮಾಡ್ಲಿ?"

ಅಷ್ಟು ಹೊತ್ತಿಗೆ ನನ್ನ ಎದುರಿನ ಸೀಟು ಖಾಲಿಯಾಗುವ ಲಕ್ಷಣ ಕಂಡಿತು. ಇನ್ನೊಬ್ಬಳು ಅದರ ಮೇಲೆ ಕಣ್ಣಿಟ್ಟಿದ್ದಳು. "ಅವನನ್ನು ಬಿಡು" ಎಂದೆ.

"ಬಿಡ್ಲಾ? ಪಕ್ಕಾ?"

"ಬಿಡು ಎಂದರೆ ಬಿಡು ಮಾರಾಯ್ತಿ!"

"ಹಮೇಶಾ ಕೇ ಲಿಯೇ? ವಾಪಸ್ ಬರಲ್ಲ ಅಂತ ಕೇಳ್ತಿದೆ."

"ಹೂಂ ಹೂಂ ಹೂಂ!" ಎಂದು ನಾನು ಸೀಟಿಗೆ ಹಾರಿದೆ. ಸೀಟು ಸಿಕ್ಕಿತು.

ಮನೆಗೆ ಬಂದು ಆಟ ತೆರೆದರೆ ಗುಡ್ಡಪ್ಪ ಇಲ್ಲ. ಟೀಮಿನಲ್ಲೂ ಇಲ್ಲ, ಆಡದವರನ್ನು ಇಡುವ ಗೋದಾಮಿನಲ್ಲೂ ಇಲ್ಲ. ಆ ಆಟದಲ್ಲಿ, ಸಾಕಿದ ಪ್ರಾಣಿಯನ್ನು ಶಾಶ್ವತವಾಗಿ ಕಾಡಿಗೆ ಬಿಟ್ಟುಬಿಡುವ ಒಂದು ದರಿದ್ರ ಬಟನ್ ಉಂಟು. ನನ್ನ ಮಗಳು ಅದನ್ನು ಒತ್ತಿದ್ದಳು. "ನೀನೇ ಬಿಡು ಅಂದೆ" ಎನ್ನುತ್ತಾಳೆ! ಕನ್ನಡದ ಬಿಡು ಎನ್ನುವುದಕ್ಕೆ ಒಂದೇ ಅರ್ಥವಾ? ಪಟ್ಟಿಯಿಂದ ಬಿಡು ಎಂದರೆ ಬೇರೆ, ಕಾಡಿಗೆ ಬಿಡು ಎಂದರೆ ಬೇರೆ. ಬಸ್ಸು ಬಿಟ್ಟಿತು ಎಂದರೆ ಹೊರಟಿತು. ಮಳೆ ಬಿಟ್ಟಿತು ಎಂದರೆ ನಿಂತಿತು. ದಾಸವಾಳ ಹೂ ಬಿಟ್ಟಿತು ಎಂದರೆ ಗಿಡ ಸತ್ತಿತೆಂದಾ? ಅದು ಅರಳಿದ್ದು! ಚಾ ಬಿಟ್ಟೆ ಎಂದರೆ ಕುಡಿಯುವುದಿಲ್ಲ, ಕುಡಿದುಬಿಟ್ಟೆ ಎಂದರೆ ಲೋಟ ಖಾಲಿ. ಇದನ್ನೆಲ್ಲ ಫೋನಿನಲ್ಲಿ ಅರ್ಧ ಗಂಟೆ ಕೂಗಾಡಿದೆ. ಅವಳು ಪೂರಾ ಕೇಳಿ, "ಇದೆಲ್ಲ ನಂಗೆ ಯಾರು ಹೇಳ್ಕೊಟ್ರು ಅಮ್ಮಾ?" ಎಂದಳು.

ಚಿಕ್ಕವಳಿದ್ದಾಗ ಅವಳು ಕನ್ನಡದಲ್ಲಿ ತೊದಲಿದರೆ, "ಶಾಲೆಯಲ್ಲಿ ಹಿಂದೆ ಬೀಳ್ತೀ" ಎಂದು ಇಂಗ್ಲಿಷಿಗೆ ತಿರುಗಿಸಿದವಳು ನಾನೇ. ಬಿಲ್ಡಿಂಗಿನವರ ಎದುರು ಹಿಂದಿಯಲ್ಲೇ ಗದರಿಸಿದವಳೂ ನಾನೇ. ಅವಳಿಗೆ ಬರುವ ಕನ್ನಡವೆಲ್ಲ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ಹೆಕ್ಕಿಕೊಂಡದ್ದು. "ಹೋಗಲಿ ಬಿಡು" ಎಂದೆ. ಫೋನಿನ ಆಚೆಯಿಂದ ಅವಳು ಹೆದರಿದ ದನಿಯಲ್ಲಿ, "ಈಗ ಯಾರನ್ನ?" ಎಂದಳು. ಅಳುತ್ತಿದ್ದವಳಿಗೆ ನಗು ಬಂತು. ಆದರೂ ರಾತ್ರಿಯ ಊಟ ನನಗೆ ಸೇರಲಿಲ್ಲ.

ಭಾನುವಾರ ಬೇರೆ ದಾರಿಯಿಲ್ಲದೆ ಮಿಂಚುಳ್ಳಿ ಇಟ್ಟುಕೊಂಡು ಆಡಿದೆ. ಧನ್ಯಾ ಪಕ್ಕದಲ್ಲಿ ಕೂತು, "ಹೊಡಿ ಅಮ್ಮಾ, ಈಗ ಹೊಡಿ, ಯೋಚ್ನೆ ಮಾಡ್ಬೇಡ" ಎನ್ನುತ್ತಿದ್ದಳು. ನಾನು ಹೊಡೆದೆ. ಎದುರಿನವರು ಕಣ್ಣು ಬಿಡುವಷ್ಟರಲ್ಲಿ ಹೊಡೆದೆ. ಹಾಗೆ ಮೊದಲು ಹೊಡೆಯುವುದರಲ್ಲಿ ಇಷ್ಟು ಖುಷಿ ಉಂಟೆಂದು ಗುಡ್ಡಪ್ಪನಾಣೆಗೂ ನನಗೆ ಗೊತ್ತಿರಲಿಲ್ಲ. ಮೊದಲ ಸುತ್ತು ಗೆದ್ದೆವು. ಎರಡನೆಯದರಲ್ಲಿ ಪಕ್ಕದ ಬಿಲ್ಡಿಂಗಿನ ಅಣ್ಣತಂಗಿ ನಮ್ಮನ್ನು ಚಟ್ನಿ ಮಾಡಿದರು, ಅದು ಬೇರೆ ಮಾತು. ಜೋಡಿ ಉಳಿಯಿತು. ಮಗಳು ಭಾನುವಾರಗಳನ್ನು ನನಗೇ ಇಟ್ಟಳು, ನನಗೆ ಅಷ್ಟು ಸಾಕಿತ್ತು.

ಹೀಗೆ ಮೂರು ತಿಂಗಳು ಅಭ್ಯಾಸ ಮಾಡಿ, ಬೆರಳು ಪಳಗಿ, ಈ ಸಲ ಫೈನಲ್ಲೇ ಎಂದು ಕೂತಿದ್ದಾಗ ಮೊನ್ನೆ ಹೊಸ ಪಟ್ಟಿ ಬಂತು. ಬಾವಲಿ ವಾಪಸ್! ಈಗ ಊರಿಡೀ ಭಾರೀ ಪ್ರಾಣಿಗಳನ್ನು ಹೊರಗೆ ತೆಗೆಯುತ್ತಿದೆ. ನಮ್ಮ ಮಿಂಚುಳ್ಳಿ ರೆಕ್ಕೆ ಬಡಿಯುವ ಮೊದಲೇ ಯಾರದೋ ಸೋಮಾರಿ ಆಮೆ ಬಂದು ಅದರ ಮೇಲೆ ಕೂತುಕೊಳ್ಳುತ್ತದೆ. ಇದೆಂಥ ಅನ್ಯಾಯ? ಕಷ್ಟಪಟ್ಟು ಚುರುಕಾದವರಿಗೆ ಬೆಲೆ ಇಲ್ಲವಾ? ತೂಕಡಿಸುವವರಿಗೆ ಮೊದಲ ಸರದಿಯಂತೆ! ಧನ್ಯಾಳನ್ನು ಕೂರಿಸಿ, ಬಾವಲಿಯನ್ನು ಕೂಡಲೇ ತೆಗೆಯಬೇಕೆಂದು ಕಂಪನಿಗೆ ಒಂದು ಖಡಕ್ ಪತ್ರ ಬರೆಸಿದೆ. ಅವಳು ತುಟಿ ಕಚ್ಚಿಕೊಂಡು ಎಲ್ಲವನ್ನೂ ಟೈಪ್ ಮಾಡಿದಳು. ಕೊನೆಗೆ, "ಕೆಳಗೆ ನಿನ್ನ ಹೆಸರು ಹಾಕ್ಲಾ?" ಎಂದು ಕೇಳಿದಳು.

ನಿಮಗೆ ಇಷ್ಟು ಹೊತ್ತೂ ಹೇಳದ ಒಂದು ವಿಷಯ ಉಂಟು. ಬಾವಲಿಯನ್ನು ತೆಗೆದದ್ದು ಘೋರ ಅನ್ಯಾಯ, ಕೂಡಲೇ ವಾಪಸ್ ತರಬೇಕು ಎಂದು ಅದೇ ಕಂಪನಿಗೆ ಹನ್ನೊಂದು ಪತ್ರ ಹೋಗಿವೆ, ಹನ್ನೊಂದರ ಕೆಳಗೂ ಇರುವುದು ನನ್ನ ಹೆಸರು.

"ನನ್ನದು ಬೇಡ, ಅಪ್ಪನ ಹೆಸರು ಹಾಕು" ಎಂದೆ.