ಎರಡು ರಾಜ್ಯದ ನಿರುದ್ಯೋಗಿ

ಕೆಲಸ ಹೋದ ಮೇಲೆ ಆರಾಮಾಗಿರಬಹುದು ಅಂದುಕೊಂಡವರು ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿ ನೋಡಬೇಕು. ದಿನಕ್ಕೊಂದು ಅವಮಾನ ಮನೆ ಹುಡುಕಿಕೊಂಡು ಬರುತ್ತದೆ. ಅಮೆರಿಕದ ನಮ್ಮ ಊರು ಸೀಡರ್ ಪಾರ್ಕಿನ ಕನ್ನಡಿಗರಿಗೆ ವಿಷಯ ಗೊತ್ತಾಗಬಾರದು ಅನ್ನುವುದೊಂದೇ ನನ್ನ ಹಟ. ಹೆಂಡತಿ, ಮಗಳನ್ನು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

ಅಲ್ಲೇ ಕೇಳಿ

ಬೇರೆ ರಾಜ್ಯದಿಂದ ಟೆಕ್ಸಸ್‌ಗೆ ಶಿಫ್ಟ್ ಆಗಿ ವರ್ಷ ತುಂಬುವ ಮೊದಲೇ ಕೆಲಸ ಹೋಗಿತ್ತು. ಇಲ್ಲಿಯ ಕಚೇರಿಯವರು "ನೀವು ಹೆಚ್ಚು ದುಡಿದಿದ್ದು ಅಲ್ಲಿ, ಅಲ್ಲೇ ಕೇಳಿ" ಅಂದರು. ಅಲ್ಲಿಯವರು "ಈಗ ಇರೋದು ಅಲ್ಲಿ, ಅಲ್ಲೇ ಕೇಳಿ" ಅಂದರು. ನೀವೇ ಮಾತಾಡಿಕೊಳ್ಳಿ ಅಂತ ನನ್ನದೊಂದು, ಹೆಂಡತಿಯದೊಂದು ಫೋನನ್ನು ಎದುರುಬದುರು ಇಟ್ಟೆ. ಇಬ್ಬರೂ ಹೋಲ್ಡ್‌ನಲ್ಲಿಟ್ಟರು. ಎರಡು ರಾಜ್ಯಗಳ ಸಂಗೀತ ಕೇಳುತ್ತಾ ಸಾರಿಗೆ ಬೇಳೆ ಬೇಯಿಸಿದೆ.

ಬೇಡ ಬೇಡ

ಕೊನೆಗೂ ಇಲ್ಲಿಯವರು ಒಪ್ಪಿದರು. ಆದರೆ ಉದ್ಯೋಗ ಕೇಂದ್ರಕ್ಕೆ ಹೋಗಿ ಮುಖ ತೋರಿಸಬೇಕಂತೆ. ಅಲ್ಲಿದ್ದ ಹೆಂಗಸು ನಗುನಗುತ್ತಾ "ಕೆಲಸ ಹುಡುಕೋಕೆ ಸಹಾಯ ಬೇಕಾ?" ಅಂದಳು. ಮೊದಲ ಸಲಕ್ಕೇ ಹ್ಞೂ ಅನ್ನುವುದು ಹೇಗೆ? ಕಾಫಿಗೇ ಎರಡು ಸಲ ಬೇಡ ಅನ್ನುವ ಜನ ನಾವು. "ಅಯ್ಯೋ ಬೇಡ, ನಿಮಗ್ಯಾಕೆ ತೊಂದರೆ" ಅಂದೆ. ಇನ್ನೊಮ್ಮೆ ಒತ್ತಾಯ ಮಾಡುತ್ತಾಳೆ ಅಂತ ಕಾಯುತ್ತಾ ಕೂತೆ. ಅವಳು "ಸಹಾಯ ನಿರಾಕರಿಸಿದ್ದಾರೆ" ಅಂತ ಟೈಪ್ ಮಾಡಿ ಮುಂದಿನವರನ್ನು ಕರೆದಳು. ಭತ್ಯೆ ಶುರುವಾಗುವ ಮೊದಲೇ ನಿಂತಿತು.

ಹೊಸ ಪ್ರಾಜೆಕ್ಟ್

ಅದನ್ನು ಸರಿಮಾಡಿಸಲು ಮತ್ತೆ ಫೋನುಗಳು. ಹಿಂದಿನ ಬೀದಿಯ ಆಂಟಿ ಚಕ್ಕುಲಿ ಕೊಡಲು ಬಂದಿದ್ದಾಗಲೇ ಒಂದು ಬಂತು. ಮಗಳು ಮಹಡಿಯಿಂದ ಕೂಗಿದಳು: "ಅಪ್ಪಾ, ಅನ್‌ಎಂಪ್ಲಾಯ್‌ಮೆಂಟ್ ಈಸ್ ಆನ್ ದ ಫೋನ್!"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಅದು... ನಮ್ಮ ಹೊಸ ಪ್ರಾಜೆಕ್ಟ್ ಆಂಟಿ. ಸರ್ಕಾರದ್ದು" ಅಂದೆ.

"ಹೌದಾ? ನಮ್ಮನೆಯವ್ರಿಗೂ ಅಲ್ಲೊಂದು ಜಾಗ ಕೊಡ್ಸಿ. ಅವ್ರ ಆಫೀಸ್ ಯಾಕೋ ಸರಿಯಿಲ್ಲ."

ಡ್ರಾಪ್ ಮಾಡೋಕೆ ಬಂದವರು

ಭತ್ಯೆ ಬರಬೇಕಾದರೆ ರೆಸ್ಯೂಮೆ ಬರೆಯಲು ಕಲಿಸುವ ತರಗತಿಗೆ ಹೋಗಲೇಬೇಕು ಅಂದರು. ನಮ್ಮವರ ಕಣ್ಣಿಗೆ ಬೀಳಬಾರದೆಂದು ಇನ್ನೊಂದು ಊರಿಗೆ, ಫ್ಲೂಗರ್‌ವಿಲ್‌ವರೆಗೆ ಡ್ರೈವ್ ಮಾಡಿದೆ. ಬಾಗಿಲಲ್ಲೇ ಆ ಆಂಟಿಯ ಯಜಮಾನರು ನಿಂತಿದ್ದರು. ಇಸ್ತ್ರಿ ಶರ್ಟು, ಕೊರಳಲ್ಲಿ ಆಫೀಸಿನ ಟ್ಯಾಗು ಬೇರೆ.

"ಫ್ರೆಂಡ್‌ನ ಡ್ರಾಪ್ ಮಾಡೋಕೆ ಬಂದೆ" ಅಂದರು.

"ನಾನೂ ಅಷ್ಟೇ ಅಂಕಲ್."

ಇಲ್ಲದ ಫ್ರೆಂಡುಗಳಿಗಾಗಿ ಇಬ್ಬರೂ ಬಿಸಿಲಲ್ಲಿ ಕಾದೆವು. ಮೊದಲು ಒಳಗೆ ಹೋದವನ ಮಾನ ಹೋಗುತ್ತದೆ, ಹೋಗದಿದ್ದರೆ ಭತ್ಯೆ ಹೋಗುತ್ತದೆ. ಕೊನೆಗೆ ತರಗತಿ ನಡೆಸುವ ಹೆಂಗಸೇ ಹೊರಗೆ ಬಂದು, ನಮ್ಮಿಬ್ಬರ ಹೆಸರನ್ನೂ ಜೋರಾಗಿ ಕೂಗಿ, ಬಾಗಿಲು ಹಾಕುತ್ತೇನೆ ಅಂದಳು. ತಲೆ ತಗ್ಗಿಸಿ ಒಳಗೆ ಹೋಗಿ ಅಕ್ಕಪಕ್ಕ ಕೂತೆವು. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಅಂಕಲ್ ನನ್ನ ಕಿವಿಯ ಹತ್ತಿರ ಬಗ್ಗಿದರು.

"ನಮ್ಮನೇಲಿ ಬಾಯ್ಬಿಡ್ಬೇಡಿ ಕಣ್ರೀ. ನಿಮ್ಮ ಪ್ರಾಜೆಕ್ಟಿಗೇ ಸೇರ್ಕೊಂಡೆ ಅಂತ ಹೇಳ್ಬಿಟ್ಟಿದೀನಿ."

"ಆಯ್ತು ಅಂಕಲ್, ಹೇಳಲ್ಲ."

"ಇನ್ನೊಂದು ಮಾತು, ಬೇಜಾರ್ ಮಾಡ್ಕೋಬೇಡಿ. ಅಲ್ಲಿ ನಿಮ್ಮ ಮ್ಯಾನೇಜರ್ ನಾನೇ."