ಕಲ್ಲು ಹಾಸಿದ ಹಿತ್ತಲು ಮತ್ತು ನಮ್ಮ ಕೆಂಚಿ

ಈ ಊರಿನಲ್ಲಿ ನನ್ನ ಕೈಯಲ್ಲಿ ಬೇಸ್ತು ಬೀಳದವರು ಕಡಿಮೆ. ನಾನು ಗುಮಾಸ್ತನಾಗಿದ್ದ ಹತ್ತಿ ಅಂಗಡಿಯ ಸಾಹುಕಾರರ ಪೇಟದೊಳಗೆ ಮಂಡಕ್ಕಿ ತುಂಬಿಟ್ಟು, ಅವರು ಗಿರಾಕಿಗೆ ಕೈಮುಗಿದು ಬಗ್ಗಿದಾಗ ಮಂಡಕ್ಕಿ ಮಳೆ ಸುರಿಸಿದವನು ನಾನು. ಇಂಥ ನನ್ನನ್ನು ಮೂರು ಸೇರು ತೂಗದ ಬೆಕ್ಕೊಂದು ಹದಿನೈದು ದಿನ ನೀರು ಕುಡಿಸಿದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಆಗ ದಾವಣಗೆರೆಯಲ್ಲಿ ಹಿತ್ತಲೆಂದರೆ ಮಣ್ಣು ಮತ್ತು ಬೂದಿಗುಂಡಿ. ಸಿಮೆಂಟಿಗೆ ಪರ್ಮಿಟ್ಟು ಬೇಕಿದ್ದ ಆ ಕಾಲದಲ್ಲೂ ನಾನು ನಮ್ಮ ಹಿತ್ತಲಿಗೆ ಗೋಡೆಯಿಂದ ಗೋಡೆಗೆ ಕಲ್ಲು ಹಾಸಿಸಿ, ಸಂದುಗಳಿಗೆಲ್ಲ ಸಿಮೆಂಟು ತುಂಬಿಸಿದೆ. "ಆನೆಕೊಂಡದಿಂದ ಶಾಮನೂರ ತನಕ ಇಂಥ ಹಿತ್ಲು ತೋರಿಸ್ರಿ ನೋಡಾನ!" ಎಂದು ಅಂಗಡಿಗೆ ಬಂದವರನ್ನೆಲ್ಲ ಕರೆತಂದು ತೋರಿಸಿದೆ. ಆ ವಾರವೇ ನಮ್ಮ ಕೆಂಚಿ ಮನೆಯೊಳಗೆ ಹೇಲಲು ಶುರುಮಾಡಿತು. ಕೆಂಚಿ ಅಂಗಡಿಯಲ್ಲಿ ಹತ್ತಿ ತುಂಬಿದ ಅಂಡಿಗೆಗಳ ನಡುವೆ ಹುಟ್ಟಿದ ಬೆಕ್ಕು. ತಾಯಿ ಬಿಟ್ಟುಹೋದ ಮರಿಯನ್ನು ಅಂಗಿಯೊಳಗಿಟ್ಟು ತಂದು, ಬತ್ತಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದೆ.

ಮೊದಲು ಜೋಳದ ಚೀಲದ ಹಿಂದೆ, ಆಮೇಲೆ ಕೌದಿಯ ಮೇಲೆ, ಕೊನೆಗೆ ಇಸ್ತ್ರಿ ಮಾಡಿಸಿಟ್ಟ ನನ್ನ ಕೋಟಿನ ಮೇಲೆ! ನನ್ನ ಹೆಂಡತಿ ಗಂಗವ್ವ ಬೆಕ್ಕನ್ನು ಬಿಟ್ಟು ನನ್ನನ್ನೇ ದಿಟ್ಟಿಸಿದಳು.

"ಖರೆ ಹೇಳ್ರಿ, ಇದೂ ನಿಮ್ಮ ಆಟಾನಾ?"

"ಇಂಥದ್ದನ್ನ ನಾನೆಲ್ಲಿಂದ ತರ್ಲೇ?"

"ತರೋರೇ ನೀವು!" ಎಂದವಳೇ ತೀರ್ಪು ಕೊಟ್ಟಳು. "ಸೋಮವಾರ ಅಯ್ನೋರು ಪಾದಪೂಜೆಗೆ ಬರ್ತಾರೆ. ಐತವಾರ ನಮ್ಮಣ್ಣ ಹರಿಹರದಿಂದ ಬಂದು, ಇದನ್ನ ಚೀಲದಾಗೆ ಹಾಕ್ಕೊಂಡೋಗಿ ಹೊಳೆ ಆಚೆ ಬಿಡ್ತಾನೆ."

"ಕೆಂಚಿ ಹೋದ್ರೆ ನಾನೂ ಹೋಗ್ತೀನಿ."

"ಹಂಗಾರೆ ದೊಡ್ಡ ಚೀಲಾನೇ ತರಾಕೆ ಹೇಳ್ತೀನಿ."

ನಾನು ಹಟ ತೊಟ್ಟೆ. ಕೆಂಚಿಯನ್ನು ಹೊಳೆ ದಾಟಲು ಬಿಡುವುದಿಲ್ಲ! ಮೂಲೆಮೂಲೆಗೆ ಸೀಮೆಎಣ್ಣೆ ಬಟ್ಟೆ ಇಟ್ಟೆ. ಮನೆಯವರಿಗೆ ತಲೆನೋವು ಬಂತು. ಖಾರದಪುಡಿ ಚೆಲ್ಲಿದೆ, ಮಧ್ಯಾಹ್ನವಿಡೀ ನಾನು ಸೀನಿದೆ, ಕೆಂಚಿ ಕುತೂಹಲದಿಂದ ನೋಡಿತು. ಶನಿವಾರ ಅಂಗಡಿಗೆ ಚಕ್ಕರ್ ಹೊಡೆದು, ಬೆಳಗಿನಿಂದ ಅದರ ಬೆನ್ನು ಹತ್ತಿದೆ. ಕೆಂಚಿ ಹಾಲು ಕುಡಿಯಿತು, ಮಲಗಿತು, ಎದ್ದಿತು. ನೆಟ್ಟಗೆ ಹಿತ್ತಲಿಗೆ ಹೋಗಿ ಕಲ್ಲನ್ನು ಪರಪರ ಕೆರೆಯಿತು. ಇನ್ನೊಂದು ಮೂಲೆಗೆ ಹೋಗಿ ಕೆರೆಯಿತು. ಸಿಮೆಂಟಿನ ಸಂದನ್ನು ಮೂಸಿ ಮತ್ತೆ ಕೆರೆಯಿತು. ನನ್ನ ಮುಖವನ್ನೊಮ್ಮೆ ನೋಡಿ, ತಲೆತಗ್ಗಿಸಿಕೊಂಡು ಒಳಗೆ ಜೋಳದ ಚೀಲದ ಕಡೆ ನಡೆಯಿತು.

ಗುಂಡಿ ತೋಡಿ, ಕೆಲಸ ಮುಗಿಸಿ, ಮುಚ್ಚಿ ಬರುವ ಮರ್ಯಾದಸ್ಥ ಪ್ರಾಣಿ ಅದು. ಅದಕ್ಕೆ ಹಿಡಿ ಮಣ್ಣೂ ಸಿಗದಂತೆ ಮಾಡಿದ ಭೂಪ ನಾನು!

ಹಾರೆ ತಂದು, ಊರಿಗೆಲ್ಲ ತೋರಿಸಿದ್ದ ಆ ಹಿತ್ತಲಿನ ಒಂದು ಕಲ್ಲನ್ನು ಎಬ್ಬಿಸಿದೆ. ಸದ್ದಿಗೆ ಗಂಗವ್ವ ಓಡಿಬಂದಳು. "ಯಾಕ್ರಿ, ತಲೆ ಕೆಟ್ಟೈತಾ?" "ಕರಿಬೇವು ಹಚ್ತೀನಿ" ಎಂದೆ. ಗುಂಡಿಗೆ ಮಣ್ಣು, ಬಚ್ಚಲೊಲೆಯ ಬೂದಿ ಸುರಿದೆ.

ಐತವಾರ ಗಂಗವ್ವನ ಅಣ್ಣ ಚೀಲ ಹಿಡಿದು ಬಂದರು. ಅವರ ಕಣ್ಣೆದುರೇ ಕೆಂಚಿ ಹಿತ್ತಲಿಗೆ ಹೋಗಿ, ತೋಡಿ, ಕೂತು, ನೀಟಾಗಿ ಮುಚ್ಚಿ ಬಂತು. ಅವರು ಬಾಯಿ ತೆರೆದರು. "ಭಾವಾ, ಹೆಂಗೆ ಕಲಿಸಿದ್ರಿ?"

ನಿಜ ಹೇಳಬಹುದಿತ್ತು. ಆದರೆ ನಾನು ನಾನೇ ಅಲ್ಲವೇ? "ಮೂರು ದಿನ ಕಿವಿಯಾಗೆ ಹೇಳಿದೆ. ಕಲಿತು."

ಗಂಗವ್ವನ ಅಣ್ಣ ಖಾಲಿ ಚೀಲದ ಜೊತೆ ಈ ಸುದ್ದಿಯನ್ನೂ ಹರಿಹರಕ್ಕೆ ಹೊತ್ತರು. ತಿಂಗಳೊಳಗೆ ಮತ್ತೆ ಬಂದು, ಎರಡು ವರ್ಷದ ಮೊಮ್ಮಗಳನ್ನು ನನ್ನ ತೊಡೆಯ ಮೇಲೆ ಕೂರಿಸಿದರು. "ಬೆಕ್ಕಿಗೇ ಕಲಿಸಿದೋರು ನೀವು. ಈಕೆ ನಡುಮನೆ ಬಿಟ್ಟು ಎಲ್ಲೂ ಕೂಡಂಗಿಲ್ಲ. ಒಂದು ವಾರ ಇಟ್ಕಳ್ರಿ."

ಕಲ್ಲು ಎಬ್ಬಿಸಿದ್ದನ್ನು ಕಣ್ಣಾರೆ ಕಂಡಿದ್ದ ಗಂಗವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಇಟ್ಕಂತಾರೆ ಬಿಡಣ್ಣ. ಕಿವಿಯಾಗೆ ಹೇಳಿದ್ರೆ ಆತಂತೆ. ಹೇಳ್ರಿ, ಈಗ್ಲೇ ಹೇಳ್ರಿ!"

ಬೇರೆ ದಾರಿಯಿರಲಿಲ್ಲ. ಗಂಭೀರವಾಗಿ ಬಗ್ಗಿ ಮಗುವಿನ ಕಿವಿಗೆ ಬಾಯಿಟ್ಟೆ. ಮಾತು ಹೊರಡುವ ಮೊದಲೇ ನನ್ನ ತೊಡೆ ಬೆಚ್ಚಗಾಯಿತು.